ಬಿಸಿಲಿನ ಪಥ್ಯ

ನಮ್ಮ ಅಡುಗೆಮನೆಯ ಸೂರಿನಲ್ಲಿ ಒಂದು ಬೆಳಕಿಂಡಿಯಿದೆ. ಭಾನುವಾರದ ಮಧ್ಯಾಹ್ನ ನಾನು ಊಟಕ್ಕೆ ಕೂರುವ ಹೊತ್ತಿಗೆ ಅದರಿಂದ ಇಳಿದ ಬಿಸಿಲು ರೊಟ್ಟಿಯಗಲವಾಗಿ ನೆಲದ ಮೇಲೆ ಬಿದ್ದಿರುತ್ತದೆ. ನಾನು ಉಣ್ಣುತ್ತಿರುವಂತೆಯೇ ಅದು ಇರುವೆಯ ನಡಿಗೆಯಲ್ಲಿ ನನ್ನ ಮಣೆಯ ಕಡೆಗೆ ಸರಿಯುತ್ತ ಬರುತ್ತದೆ. ಇನ್ನೇನು ಮೊಣಕೈಗೆ ತಾಕಬೇಕು ಅನ್ನುವಷ್ಟರಲ್ಲಿ ನಾನು ಮಣೆಯನ್ನು ಹಿಂದಕ್ಕೆ ಎಳೆದುಕೊಂಡಿರುತ್ತೇನೆ. ಬೇಕೆಂದು ಮಾಡುವುದಲ್ಲ, ಕಣ್ಣಿನ ಹತ್ತಿರ ಕೈ ಬಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ಲ, ಹಾಗೆ.

"ಏನ್ರೀ ಇದು, ಬಿಸ್ಲೇನು ಹಾವಾ? ತಟ್ಟೆ ಸಮೇತ ಓಡ್ತೀರಲ್ಲ!" ಎಂದು ನನ್ನ ಹೆಂಡತಿ ನಗುತ್ತಾಳೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟರು ಬಿಸಿಲಿಗೆ ಹೆದರುತ್ತಾರೆಂದರೆ ಯಾರಿಗೂ ನಗು ಬರಬೇಕಾದದ್ದೇ. ಅವಳು ಈ ಮನೆಗೆ ಬಂದದ್ದು ನನಗೆ ಈ ಹೆದರಿಕೆ ಹತ್ತಿದ ವರ್ಷ ಕಳೆದ ಮೇಲೆ. ನಡೆದದ್ದರಲ್ಲಿ ಎಲ್ಲರಿಗೂ ಕಂಡಷ್ಟು ಅವಳಿಗೂ ಗೊತ್ತು. ನನಗೆ ಮಾತ್ರ ಗೊತ್ತಿರುವುದನ್ನು ನಾನು ಅವಳಿಗೆ ಹೇಳಿಲ್ಲ. ಓದುಗ ಮಿತ್ರರೇ, ನಿಮಗೆ ಹೇಳುತ್ತೇನೆ. ನೀವು ನಾಳೆ ಬೆಳಿಗ್ಗೆ ಎದ್ದು ನನ್ನ ಮುಖ ನೋಡಬೇಕಾಗಿಲ್ಲ ಅನ್ನುವ ಧೈರ್ಯದಿಂದ ಹೇಳುತ್ತೇನೆ.

ನಮ್ಮ ಅಜ್ಜಂಪುರದ ಕಡೆ ಬಿಸಿಲನ್ನು ಯಾರೂ ಅನುಮಾನಿಸಿದವರಲ್ಲ. ಹಾಸಿಗೆಗೆ ತಿಗಣೆ ಬಿದ್ದರೆ ಬಿಸಿಲಿಗೆ ಹಾಕು, ರಾಗಿಗೆ ಹುಳು ಬಿದ್ದರೆ ಬಿಸಿಲಿಗೆ ಹಾಕು, ಉಪ್ಪಿನಕಾಯಿ ಬೂಷ್ಟು ಹಿಡಿದರೆ, ಕಂಬಳಿ ನಾತ ಬಂದರೆ, ಹೆತ್ತವಳ ಕೋಣೆಯ ಬಟ್ಟೆ ತೇವವಾದರೆ, ಎಲ್ಲದಕ್ಕೂ ಒಂದೇ ಮದ್ದು, ಬಿಸಿಲಿಗೆ ಹಾಕು. ಎಳೆಗೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿನಲ್ಲಿ ಮಲಗಿಸುವುದರಿಂದ ಹಿಡಿದು ಮುದುಕರ ಮೊಣಕಾಲನ್ನು ಜಗಲಿಯಂಚಿನಲ್ಲಿ ಕಾಯಿಸುವವರೆಗೆ ನಮ್ಮ ಬದುಕಿನ ಎರಡು ತುದಿಗಳನ್ನೂ ಸೂರ್ಯನ ಕೈಗೆ ಕೊಟ್ಟು ನಿಶ್ಚಿಂತರಾಗಿದ್ದವರು ನಾವು. ಬಿಸಿಲು ಕೆಟ್ಟದ್ದನ್ನು ಸುಡುತ್ತದೆ, ಒಳ್ಳೆಯದನ್ನು ಉಳಿಸುತ್ತದೆ ಎಂಬ ನಂಬಿಕೆ. ಕೆಟ್ಟದ್ದು ಯಾವುದು ಒಳ್ಳೆಯದು ಯಾವುದು ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನಾವು ಕೇಳಲಿಲ್ಲ. ಕಾಲೇಜಿಗೆ ಹೋಗಿ ಬಂದ ನಾನೂ ಕೇಳಲಿಲ್ಲ.

ನಾನು ಹೇಳಬೇಕಾಗಿರುವುದು ನನ್ನ ಅತ್ತಿಗೆಯ ವಿಷಯ. ನಾಗರತ್ನಮ್ಮ ಎಂದು ಹೆಸರು. ಯಗಟಿಯವರು. ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಅಣ್ಣ ಕಡೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದುದರಿಂದ, ನನ್ನನ್ನು ಬೈದು ಓದಿಸಿದವರು, ಶಿವಮೊಗ್ಗದ ಕಾಲೇಜಿಗೆ ಹೊರಟಾಗ ಬುತ್ತಿ ಕಟ್ಟಿದವರು, ನಪಾಸಾದಾಗ ಅಣ್ಣನಿಗೆ ನಿಧಾನವಾಗಿ ಸುದ್ದಿ ಮುಟ್ಟಿಸಿದವರು ಎಲ್ಲ ಅವರೇ. ನಾನು ಡಿಗ್ರಿ ಮುಗಿಸಿ ಬಂದ ಮೇಲೆ ನನಗೆ ಹೊಸ ಹೆಸರಿಟ್ಟರು. "ಏನ್ ಬಿಯೆಸ್ಸಿ ಸಾಹೇಬ್ರೇ, ನೀರು ಸೇದಿಕೊಡೋದು ನಿಮ್ಮ ಬುಕ್ಕಲ್ಲಿ ಬರ್ದಿಲ್ವೋ?" ಎಂದು ಬಾವಿಕಟ್ಟೆಯಿಂದ ಕೂಗುತ್ತಿದ್ದರು. ಸಿಟ್ಟು ಬಂದಾಗ ಮಾತ್ರ "ಲೇ ಶಿವು."

ಅವರ ಕೈಯಲ್ಲಿ ಸಂಡಿಗೆ ಆಗುತ್ತಿತ್ತು. ಸಂಡಿಗೆ ಯಾರ ಕೈಯಲ್ಲಾದರೂ ಆಗುತ್ತದೆ ಎಂದು ನೀವೆಂದರೆ ನೀವು ನಮ್ಮ ಕಡೆಯವರಲ್ಲ. ಅರಳು ಸಂಡಿಗೆಗೆ ಬೂದುಗುಂಬಳದ ತಿರುಳು, ಭತ್ತದ ಅರಳು, ಉಪ್ಪು, ಖಾರ ಎಲ್ಲವನ್ನೂ ಬರಿಗೈಯಲ್ಲಿ ಕಲೆಸಬೇಕು. ಹದ ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ತಿಳಿಯುವಂಥದ್ದು. ಮದುವೆ ಗೊತ್ತಾದ ಮನೆಯಲ್ಲಿ ಮೊದಲ ಕೆಲಸವೇ ಸಂಡಿಗೆ. ಕೈಗುಣವುಳ್ಳ ಮುತ್ತೈದೆಯೊಬ್ಬಳನ್ನು ಕರೆದು, ಕುಂಕುಮ ಹಚ್ಚಿ, ಮಾಳಿಗೆಯ ಮೇಲೆ ಒಗೆದ ಪಂಚೆ ಹಾಸಿ, ಮೊದಲ ಸಾಲನ್ನು ಅವಳಿಂದ ಇಡಿಸುವುದು ಪದ್ಧತಿ. ಆ ಮೊದಲ ಸಾಲಿನ ಸಂಡಿಗೆ ಎಣ್ಣೆಯಲ್ಲಿ ಹೂವಿನಂತೆ ಉಬ್ಬಿದರೆ ಹುಡುಗಿಯ ಬಾಳು ಹಗುರ ಎಂದು ಲೆಕ್ಕ. ನಮ್ಮೂರಿನಲ್ಲಿ ಏಳೆಂಟು ವರ್ಷ ಆ ಸಾಲು ಅತ್ತಿಗೆಯದೇ. ಮಕ್ಕಳಾಗದ ಹೆಂಗಸಿಗೆ ಊರು ಕೊಟ್ಟ ಮರ್ಯಾದೆ ಅದೊಂದೇ ಆಗಿತ್ತು ಎಂಬುದನ್ನು ನಾನು ಆಗ ಯೋಚಿಸಿರಲಿಲ್ಲ. ಮಾಳಿಗೆಯ ಬಿಸಿಲಿನಲ್ಲಿ ಸಂಡಿಗೆ ಇಟ್ಟು ಬಂದಾಗ ಪ್ರತಿ ಸಲವೂ ಅವರ ತುಟಿಯಂಚಿನಲ್ಲಿ ಪುಟ್ಟ ಪುಟ್ಟ ಗುಳ್ಳೆಗಳೇಳುತ್ತಿದ್ದವು. ಉಷ್ಣ ಎಂದು ಮಜ್ಜಿಗೆ ಕುಡಿಯುತ್ತಿದ್ದರು. ನಾವೂ ಉಷ್ಣ ಎಂದೇ ಅಂದುಕೊಂಡಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ, ಅವರು ಹಿತ್ತಲಿನಲ್ಲಿ ಕೂತು ಬಲಗೈಯ ಬೆರಳನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದುದನ್ನು ಕಂಡೆ. "ಹಿಟ್ಟು ಕಣೋ, ನೆನ್ನೆಯಿಂದ ಅಂಟ್ಕೊಂಡೈತೆ, ಬಿಡ್ತಾನೇ ಇಲ್ಲ" ಎಂದರು. ಬೆರಳ ಗೆಣ್ಣಿನ ಮೇಲೆ ಅಕ್ಕಿಹಿಟ್ಟಿನ ಹನಿಯಷ್ಟು ಬಿಳುಪು. ಉಜ್ಜಿ ಉಜ್ಜಿ ಸುತ್ತಲಿನ ಚರ್ಮ ಕೆಂಪಗಾಗಿತ್ತು, ಆ ಬಿಳುಪು ಮಾತ್ರ ಹಾಗೆಯೇ ಇತ್ತು. ನಾನು ಅದನ್ನು ನೋಡಿದೆ, ಅವರು ನನ್ನ ಮುಖ ನೋಡಿದರು. ನಾರು ಕೈಯಿಂದ ಜಾರಿತು.

ತೊನ್ನು ಅಂಟುವ ರೋಗವಲ್ಲ, ನೋಯುವ ರೋಗವೂ ಅಲ್ಲ. ಅದನ್ನು ನಾನು ಊರಿಗೆಲ್ಲ ಹೇಳಿದೆ. ಊರೂ ತಲೆದೂಗಿತು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಮಾಘಮಾಸದಲ್ಲಿ ನಾಲ್ಕು ಮದುವೆಗಳಾದವು, ನಾಲ್ಕೂ ಮನೆಯವರು ಬಂದು ಅಕ್ಷತೆ ಕೊಟ್ಟು ಊಟಕ್ಕೆ ಕರೆದರು. ಸಂಡಿಗೆಗೆ ಕರೆಯಲಿಲ್ಲ. "ನಿಮಗ್ಯಾಕೆ ತೊಂದ್ರೆ ನಾಗಮ್ಮ, ವಿಶ್ರಾಂತಿ ತಗಳ್ಳಿ" ಎಂದು ಮೇಗಲ ಬೀದಿಯ ಗಂಗಮ್ಮನವರು ಹೇಳಿದ ಧಾಟಿ ಎಷ್ಟು ಮೃದುವಾಗಿತ್ತೆಂದರೆ, ಅದಕ್ಕಿಂತ ಬೈಗುಳ ವಾಸಿ. ಅಂದು ಅತ್ತಿಗೆ ಇಡೀ ದಿನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡಿದರು. ಮರುದಿನವೂ. ಆಮೇಲೆ ಅದೇ ಅಭ್ಯಾಸವಾಯಿತು.

ಮುಂದಿನ ದೀಪಾವಳಿ ಕಳೆದ ಮೇಲೆ ನಾನೇ ಹಟ ಹಿಡಿದು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತರೀಕೆರೆಯಲ್ಲಿ ಚರ್ಮದ ಡಾಕ್ಟರೊಬ್ಬರಿದ್ದರು, ಅವರೇ ಸಂತೆಯ ದಿನ ಕಡೂರಿಗೂ ಬಂದು ನೋಡುತ್ತಿದ್ದರು. ತರೀಕೆರೆಯಲ್ಲಿ ನಮಗೆ ನೆಂಟರು ಹೆಚ್ಚು, ಯಾರ ಕಣ್ಣಿಗಾದರೂ ಬಿದ್ದೇವೆಂದು ಅತ್ತಿಗೆ ಕಡೂರನ್ನೇ ಆರಿಸಿದರು. ಡಾಕ್ಟರು ಅವರ ಕೈ, ಕತ್ತು ನೋಡಿದರು. ಅತ್ತಿಗೆ ತಲೆಯೆತ್ತದೆ ನೆಲ ನೋಡುತ್ತ ನಿಂತಿದ್ದರಿಂದಲೋ ಏನೋ, ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದರು. ದಿನ ಬಿಟ್ಟು ದಿನ ಎರಡು ಮಾತ್ರೆ, ತಿಂಡಿಯಾದ ಮೇಲೆ. ಎರಡು ಗಂಟೆ ಬಿಟ್ಟು ಬಿಳುಪಾದ ಜಾಗವನ್ನು ಐದು ನಿಮಿಷ ಬಿಸಿಲಿಗೆ ಹಿಡಿಯಬೇಕು. ಮೆಲ್ಲಮೆಲ್ಲಗೆ ಒಂದೊಂದು ನಿಮಿಷ ಹೆಚ್ಚಿಸಬಹುದು. ಮಾತ್ರೆ ಚರ್ಮವನ್ನು ಬಿಸಿಲಿಗೆ ತೆರೆದಿಡುತ್ತದೆ, ಸೂರ್ಯನ ನೇರಳಾತೀತ ಕಿರಣ ಬಣ್ಣವನ್ನು ಮತ್ತೆ ಎಬ್ಬಿಸುತ್ತದೆ.

"ಪಥ್ಯ ಏನಂತೆ ಕೇಳು" ಎಂದರು ಅತ್ತಿಗೆ, ನೆಲ ನೋಡುತ್ತಲೇ.

ನಾನು ಕೇಳಿದೆ. ಡಾಕ್ಟರು ನಕ್ಕರು. ಊಟಕ್ಕೆ ಏನೂ ಇಲ್ಲ, ಬಿಸಿಲೇ ಪಥ್ಯ ಎಂದರು. ಮಾತ್ರೆ ನುಂಗಿದ ದಿನ ಆ ಐದು ನಿಮಿಷ ಬಿಟ್ಟರೆ ಸಂಜೆಯವರೆಗೆ ಮನೆಯೊಳಗಿರಬೇಕು, ಹೊರಗೆ ಬಂದರೆ ಮೈ ಕೈ ಮುಚ್ಚಿಕೊಂಡಿರಬೇಕು, ಇದನ್ನು ಸರಿಯಾಗಿ ಹೇಳಿ ಎಂದು ನನಗೆ ಬೆರಳು ತೋರಿಸಿ ಹೇಳಿದರು.

ಆ ಬೆರಳು ಈಗಲೂ ನನ್ನ ಕಣ್ಣೆದುರಿಗಿದೆ.

ಮರಳಿ ಬರುವಾಗ ರೈಲಿನಲ್ಲಿ ಅತ್ತಿಗೆ ಇನ್ನೊಮ್ಮೆ ಕೇಳಿದರು. "ಪಥ್ಯ ಏನೂ ಇಲ್ವಂತೆ ಅತ್ಗೆ" ಎಂದೆ. ಸುಳ್ಳಲ್ಲ, ಅರ್ಧ. ಉಳಿದರ್ಧವನ್ನು ಮನೆಗೆ ಹೋದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಬಿಸಿಲಿನಲ್ಲಿ ಹುಟ್ಟಿ ಬಿಸಿಲಿನಲ್ಲಿ ಬೆಳೆದ ಯಗಟಿಯ ಹೆಂಗಸಿಗೆ ಬಿಸಿಲಲ್ಲಿ ಓಡಾಡಬೇಡ ಎನ್ನುವುದು ಪೇಟೆಯ ಡಾಕ್ಟರ ನಾಜೂಕು ಅನ್ನಿಸಿದ್ದು ಒಂದು. ಕೈ ಮುಚ್ಚಿಕೊಂಡು ಸಾಕಾಗಿಯೇ ಡಾಕ್ಟರಲ್ಲಿಗೆ ಬಂದವರಿಗೆ ಇನ್ನೂ ಮುಚ್ಚಿಕೊಳ್ಳಿ ಎಂದು ಹೇಳಲು ಬಾಯಿ ಬಾರದಿದ್ದುದು ಇನ್ನೊಂದು. ಇವೆರಡೂ ಆಮೇಲೆ ಹುಡುಕಿಕೊಂಡ ಕಾರಣಗಳಿರಬಹುದು. ನಿಜವೇನೆಂದರೆ ಬಿಸಿಲು ಪಥ್ಯದ ಪದಾರ್ಥವೆಂದು ನನ್ನ ತಲೆಗೇ ಹೋಗಲಿಲ್ಲ. ಪಥ್ಯವೆಂದರೆ ನಮಗೆ ಬದನೆಕಾಯಿ. ಹುಳಿ, ಖಾರ, ಕುಂಬಳ, ಹಳೆ ಉಪ್ಪಿನಕಾಯಿ. ಬಾಯಿಯ ಮೂಲಕ ಒಳಗೆ ಹೋಗುವಂಥದ್ದು. ಮೈಯೆಲ್ಲ ಬಾಯಾಗಿ ಬೆಳಕನ್ನು ಉಣ್ಣುತ್ತಿರುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಓದಿಯೂ ನಾನು ನಂಬಿರಲಿಲ್ಲ.

ಪಥ್ಯವಿಲ್ಲದ ಔಷಧಿಯನ್ನು ನಮ್ಮವ್ವ ಒಪ್ಪಲಿಲ್ಲ. "ಪಥ್ಯ ಇಲ್ದಿದ್ರೆ ಅದೇನ್ ಮದ್ದೋ, ಪೆಪ್ಪರ್‌ಮೆಂಟಾ?" ಎಂದು ತಾನೇ ಪಥ್ಯ ಗೊತ್ತು ಮಾಡಿದಳು. ಬದನೆ ಇಲ್ಲ, ಹುಳಿ ಇಲ್ಲ, ಮೊಸರಿಲ್ಲ, ಕಡಲೆಕಾಯಿ ಇಲ್ಲ. ಸಾಲದೆಂದು ಗ್ರಂಧಿಗೆ ಅಂಗಡಿಯಿಂದ ಬಾವಂಚಿ ಬೀಜ ತರಿಸಿ, ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಸೊಸೆಯ ಕೈಗೂ ಕತ್ತಿಗೂ ದಿನಾ ತಾನೇ ತಿಕ್ಕಿದಳು. "ಹಚ್ಬೋದೇನೋ ಶಿವು?" ಎಂದು ಅತ್ತಿಗೆ ನನ್ನನ್ನು ಕೇಳಿದರು. "ನಾಟಿ ಮದ್ದು ತಾನೆ, ಏನಾಗಲ್ಲ, ಹಚ್ಕಳಿ" ಎಂದೆ. ಆ ಮಾತ್ರೆಯಲ್ಲಿದ್ದದ್ದೂ ಆ ಬೀಜದಲ್ಲಿದ್ದದ್ದೂ ಒಂದೇ ಸರಕು, ನಾವು ಒಳಗಿಂದಲೂ ಹೊರಗಿಂದಲೂ ಎರಡು ಪಾಲು ಮದ್ದು ಹಾಕುತ್ತಿದ್ದೇವೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದೂ ಗೊತ್ತಿರಲಿಲ್ಲ.

ಆ ಎರಡು ತಿಂಗಳು ನಮ್ಮ ಹಿತ್ತಿಲು ಒಂದು ದೇವರಮನೆಯಂತಿತ್ತು. ಅತ್ತಿಗೆ ಎರಡು ಕೈಗಳನ್ನು ಮುಂದಕ್ಕೆ ಚಾಚಿ ಒಗೆಯುವ ಕಲ್ಲಿನ ಮೇಲೆ ಕೂರುವರು, ನಾನು ಗಡಿಯಾರ ಹಿಡಿದು ಎದುರಿಗೆ ನಿಲ್ಲುವೆ. "ಆಯ್ತಾ?" "ಇನ್ನೂ ಎರಡು ನಿಮ್ಷ." "ನಿನ್ ಗಡಿಯಾರಕ್ಕೆ ನಿದ್ದೆ ಬಂದೈತೆ ಕಣೋ, ಒದ್ದು ಎಬ್ಬಿಸು." ಐದು ನಿಮಿಷ ಆರಾಯಿತು, ಎಂಟಾಯಿತು. ಒಂದು ದಿನ ಅತ್ತಿಗೆ ಓಡಿ ಬಂದು ಬೆರಳು ತೋರಿಸಿದರು. ಬಿಳುಪಿನ ನಡುವೆ ಕಂದು ಬಣ್ಣದ ಚುಕ್ಕೆಗಳು, ಹಾಲಿನ ಮೇಲೆ ಎಳ್ಳು ಚೆಲ್ಲಿದ ಹಾಗೆ. ಅವರು ಅತ್ತರು. ಅವ್ವ ಬದನೆಕಾಯಿ ಬಿಡಿಸಿದ್ದರ ಫಲ ಎಂದಳು. ನಾನು ನನ್ನ ಪದವಿಯ ಫಲ ಎಂದುಕೊಂಡೆ.

ಸುದ್ದಿ ಊರೊಳಗೆ ಹೋಯಿತು. ಮಾಘದಲ್ಲಿ ಗಂಗಮ್ಮನವರೇ ಮನೆಗೆ ಬಂದರು. ಮಗಳ ಮದುವೆ. ಅತ್ತಿಗೆಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ, "ನಾಳಿದ್ದು ಬಂದ್ಬಿಡು ನಾಗಮ್ಮ, ಮೊದಲ ಸಾಲು ನಿಂದೇ" ಎಂದರು. ಅವರು ಹೋದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ಏನ್ ಸಾಹೇಬ್ರೇ, ಕೇಳಿಸ್ತಾ? ಮೊದಲ ಸಾಲು!" ಎಂದು ಹುಡುಗಿಯಂತೆ ಕಣ್ಣರಳಿಸಿದರು.

ಆ ನಾಳಿದ್ದು ಮಾತ್ರೆಯ ದಿನವಾಗಿತ್ತು. ಒಂದು ದಿನವೂ ತಪ್ಪಿಸಬಾರದೆಂದು ನಾನೇ ಹೇಳಿದ್ದೆ. ತಿಂಡಿ ತಿಂದು, ಮಾತ್ರೆ ನುಂಗಿ, ಅವ್ವನಿಂದ ಎಣ್ಣೆ ಹಚ್ಚಿಸಿಕೊಂಡು, ತಲೆಗೆ ಹೂವಿಟ್ಟು ಹೊರಟರು. ಚಳಿ ಇನ್ನೂ ಬಿಟ್ಟಿರಲಿಲ್ಲ. ಗಾಳಿ ತಣ್ಣಗೆ ಬೀಸುತ್ತಿತ್ತು, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮೈಗೆ ಹಿತವಾದ ಬಿಸಿಲು. ಬಿಸಿ ತಾಕುವುದು ಬೇರೆ, ಸುಡುವುದು ಬೇರೆ. ಚರ್ಮಕ್ಕೆ ತಾಕುವ ಕಾವಿಗೂ ಕಣ್ಣಿಗೆ ಕಾಣದ ಆ ಕಿರಣಕ್ಕೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ಈಗ ಒತ್ತಿ ಒತ್ತಿ ಹೇಳುತ್ತೇನೆ. ಅಂದು ಹೇಳಬೇಕಾದವರಿಗೆ ಹೇಳಲಿಲ್ಲ.

ಮಧ್ಯಾಹ್ನ ಪೋಸ್ಟಾಫೀಸಿಗೆ ಹೋಗುತ್ತ ನಾನು ಮೇಗಲ ಬೀದಿಯಲ್ಲಿ ಹಾದುಹೋದೆ. ಗಂಗಮ್ಮನವರ ಮಾಳಿಗೆಯ ಮೇಲೆ ಬಿಳಿಯ ಪಂಚೆಗಳು ಹಾಸಿದ್ದವು, ಸಾಲು ಸಾಲು ಸಂಡಿಗೆ. ನಡುವೆ ಅತ್ತಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರವಿಕೆಯ ತೋಳು ಮೇಲಕ್ಕೆ ಮಡಚಿ, ಕೈಗಳೆರಡನ್ನೂ ಊರಿನೆದುರಿಗೆ ಬಿಟ್ಟುಕೊಂಡು ಕೂತಿದ್ದರು. ಯಾರೋ ಏನೋ ಅಂದರು, ಹೆಂಗಸರೆಲ್ಲ ನಕ್ಕರು. ಅವರು ನನ್ನನ್ನು ಕಂಡು ಹಿಟ್ಟು ಮೆತ್ತಿದ ಕೈಯೆತ್ತಿ ಆಡಿಸಿದರು. ಒಂದೇ ಒಂದು ಕ್ಷಣ ಡಾಕ್ಟರ ಬೆರಳು ನನ್ನ ಕಣ್ಣ ಮುಂದೆ ಬಂತು. ನಾನು ಬೀದಿಯಲ್ಲಿ ನಿಂತೆ. ಕೂಗಿ ಕರೆಯಬಹುದಾಗಿತ್ತು. ಕೆಳಗಿಳಿದು ಬನ್ನಿ ಅತ್ಗೆ, ಮೂರು ಮಾತು ಸಾಕಿತ್ತು. ಎರಡು ವರ್ಷದ ಮೇಲೆ ನಗುತ್ತಿರುವವರನ್ನು ನಾಲ್ಕು ಜನರೆದುರು ಯಾಕೆ ಇಳಿಸಲಿ ಅನ್ನಿಸಿತು. ನಾನೂ ಕೈಯಾಡಿಸಿ ಮುಂದೆ ಹೋದೆ. ಈಗ ಕಣ್ಣು ಮುಚ್ಚಿದರೆ ನಾನು ಆ ಬೀದಿಯಲ್ಲೇ ನಿಂತಿರುತ್ತೇನೆ. ಪ್ರತಿ ಸಲವೂ ಕೂಗಬೇಕೆಂದು ಬಾಯಿ ತೆರೆಯುತ್ತೇನೆ, ಪ್ರತಿ ಸಲವೂ ಕೈಯಾಡಿಸುತ್ತೇನೆ.

ಆ ಸಂಜೆ ಏನೂ ಆಗಲಿಲ್ಲ. ಮರುದಿನ ಮೈ ಬೆಚ್ಚಗಿದೆ, ಕೈ ಉರಿ ಎಂದರು. ಮೂರನೆಯ ಬೆಳಿಗ್ಗೆ ನೋಡಿದರೆ ಎರಡು ತೋಳೂ, ಕತ್ತೂ, ಮುಖದ ಬಲಭಾಗವೂ ಕೆಂಡದಂತೆ ಕೆಂಪಗಾಗಿ ದ್ರಾಕ್ಷಿಯಷ್ಟು ದಪ್ಪದ ಬೊಬ್ಬೆಗಳು. ತುಟಿಯ ಸುತ್ತ ಗುಳ್ಳೆಗಳ ಗೊಂಚಲು.

ಅವ್ವ ಬಾಗಿಲಲ್ಲೇ ನಿಂತು ಕೈಮುಗಿದಳು. "ಅಮ್ಮ ಬಂದವ್ಳೆ ಕಣೋ. ಯಾರೂ ಮುಟ್ಬೇಡಿ, ಬೇವಿನ ಸೊಪ್ಪು ತನ್ನಿ. ಮಾತ್ರೆ ಗೀತ್ರೆ ಎಲ್ಲ ನಿಲ್ಸಿ, ತಾಯಿಗೆ ಸಿಟ್ಟು ಬಂದಾತು."

ಅದು ಅಮ್ಮನಲ್ಲ ಎಂದು ನನಗೆ ಗೊತ್ತಿತ್ತು. ಬಿಸಿಲು ಬಿದ್ದ ಕಡೆ ಮಾತ್ರ ಬೊಬ್ಬೆ; ರವಿಕೆ ಮುಚ್ಚಿದಲ್ಲಿ ಗೆರೆ ಎಳೆದಂತೆ ಚರ್ಮ ನುಣ್ಣಗಿತ್ತು. ಯಾವ ದೇವತೆಯೂ ರವಿಕೆಯ ಅಂಚನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಅಮ್ಮನಾದರೆ ಅದು ದೇವರು ಕೊಟ್ಟದ್ದು, ಮೂರು ದಿನಕ್ಕೆ ಇಳಿಯುತ್ತದೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಬಿಸಿಲಾದರೆ ಅದು ನಾನು. ಎರಡು ದಿನ, ಓದಿದವನಾದ ನಾನು, ಬೇವಿನ ಸೊಪ್ಪು ತಂದು ತಂದು ಹಾಸಿದೆ. ಅತ್ತಿಗೆ ಒಮ್ಮೆ ಮಾತ್ರ ಕೇಳಿದರು, "ಇದು ಅಮ್ಮನೇನಾ ಶಿವು?" ನಾನು "ಹೂಂ ಅತ್ಗೆ" ಎಂದೆ.

ಐದನೆಯ ದಿನ ಬೊಬ್ಬೆಗಳೊಡೆದು ಕೀವಾಯಿತು. ಚಳಿಜ್ವರ ಏರಿ, ನಾಲಿಗೆ ಒಣಗಿ, ಯಗಟಿಯ ಮನೆಯ ಕುರಿಗಳನ್ನು ಹೆಸರು ಹಿಡಿದು ಕರೆಯತೊಡಗಿದರು. ಅಣ್ಣ ಕಡೂರಿನಿಂದ ಓಡಿ ಬಂದ. ನಾವಿಬ್ಬರೂ ಅವರನ್ನು ಒಂದು ಜೀಪಿನಲ್ಲಿ ಮಲಗಿಸಿಕೊಂಡು ತರೀಕೆರೆಗೆ ಒಯ್ದೆವು. ದಾರಿಯುದ್ದಕ್ಕೂ ಬಿಸಿಲು ಅವರ ಮೇಲೆ ಬೀಳದಂತೆ ನಾನು ಕಂಬಳಿಯನ್ನು ಹಿಡಿದು ನಿಂತೇ ಇದ್ದೆ. ಆಗ ಹಿಡಿದೆ.

ಡಾಕ್ಟರು ನೋಡಿದ ಕೂಡಲೇ ತಿಳಿದುಕೊಂಡರು. ಸೂಜಿ ಚುಚ್ಚಿ, ಬಾಟಲಿ ಏರಿಸಿ, ಎರಡು ದಿನ ಏನೂ ಹೇಳಲಾಗದು ಎಂದರು. ಎರಡು ದಿನ ಒಂಬತ್ತಾಯಿತು. ಆ ದಿನಗಳಲ್ಲೊಮ್ಮೆ ಆಸ್ಪತ್ರೆಯ ವರಾಂಡದಲ್ಲಿ ಅವರು ನನಗೆ ಹೇಳಿದ ವಿಷಯವನ್ನು ನನಗೆ ಅರ್ಥವಾದಷ್ಟು ನಿಮಗೆ ಹೇಳುತ್ತೇನೆ.

ನಮ್ಮ ಚರ್ಮ ಬರೀ ಹೊದಿಕೆಯಲ್ಲ, ಕೋಟೆ. ಅದರ ಮೇಲ್ಪದರದಲ್ಲಿ ಜೇಡದಂತೆ ಕಾಲು ಚಾಚಿಕೊಂಡು ಕೂತ ಕಾವಲಿನ ಕಣಗಳಿವೆ. ಹೊರಗಿನಿಂದ ಏನೇ ನುಗ್ಗಿದರೂ ಅವು ಮುಟ್ಟಿ ನೋಡಿ, ಒಳಗಿನ ಸೈನ್ಯಕ್ಕೆ ಸುದ್ದಿ ಒಯ್ಯುತ್ತವೆ. ಬಿಸಿಲಿನ ಆ ಕಾಣದ ಕಿರಣ ಹೆಚ್ಚಾದರೆ ಕಾವಲಿನವು ಕಾಲು ಮುದುರಿಕೊಳ್ಳುತ್ತವೆ, ಕೆಲವು ಜಾಗ ಬಿಟ್ಟೇ ಹೋಗುತ್ತವೆ. ಒಳಗಿನ ಸೈನ್ಯಕ್ಕೂ ಸುಮ್ಮನಿರು ಎಂಬ ಸುದ್ದಿ ಹೋಗುತ್ತದಂತೆ. ತುಟಿಯಂಚಿನ ಗುಳ್ಳೆ ಉಷ್ಣದ್ದಲ್ಲ. ಮೈಯೊಳಗೆ ಎಂದಿನಿಂದಲೋ ಅಡಗಿ ಕೂತ ವಿಷಾಣು, ಕಾವಲು ತೂಕಡಿಸಿದ್ದನ್ನು ನೋಡಿ ಹೊರಗೆ ಬರುವುದು. ಅತ್ತಿಗೆಯ ತುಟಿ ವರ್ಷವರ್ಷವೂ ಈ ಸುದ್ದಿಯನ್ನು ಹೇಳುತ್ತಲೇ ಇತ್ತು.

"ಹಾಗಾದರೆ ಬಿಸಿಲಿಗೆ ಹಿಡಿಯಿರಿ ಅಂತ ಯಾಕೆ ಹೇಳಿದಿರಿ ಸಾರ್?" ಎಂದು ಕೇಳಿದೆ. ಅದರಲ್ಲಿ ತಪ್ಪನ್ನು ಅವರ ಮೇಲೆ ಹಾಕುವ ಆಸೆಯೂ ಇತ್ತು.

ಅವರು ಸಿಟ್ಟಾಗಲಿಲ್ಲ. ತೊನ್ನಿನಲ್ಲಿ ಕಾವಲಿನವರೇ ದಾರಿ ತಪ್ಪಿ ಮನೆಯವರನ್ನು ಹೊಡೆಯುತ್ತಾರೆ, ಬಣ್ಣ ಮಾಡುವ ಕಣಗಳನ್ನು ಕೊಲ್ಲುತ್ತಾರೆ ಎಂದು ಕೆಲವರು ನಂಬುತ್ತಾರೆ ಎಂದರು. ನಮಗೂ ಪೂರ್ತಿ ಗೊತ್ತಿಲ್ಲ ಎಂದೂ ಸೇರಿಸಿದರು. ಆ ದಾರಿ ತಪ್ಪಿದವರನ್ನು ಸ್ವಲ್ಪ ಹೊತ್ತು ಮಲಗಿಸಲಿಕ್ಕೇ ಐದು ನಿಮಿಷದ ಬಿಸಿಲು ಬೇಕು. ಐದು ನಿಮಿಷಕ್ಕೆ ಅದು ಮದ್ದು. ಇಡೀ ದಿನಕ್ಕೆ ಅದು ಬಾಗಿಲು ತೆರೆದ ಕೋಟೆ. ಸುಟ್ಟು ತೆರೆದ ಗಾಯ, ಕಾವಲಿಲ್ಲದ ಚರ್ಮ, ಮೇಲೆ ಎರಡು ದಿನ ಬೇವಿನ ಸೊಪ್ಪು. ಇಷ್ಟನ್ನು ಹೇಳಿ ಅವರು ಎದ್ದು ಹೋದರು.

ನಾವು ಯಾವುದನ್ನು ಪೂರ್ತಿ ನಂಬುತ್ತೇವೋ ಅದರ ಎದುರಿಗೆ ನಮ್ಮ ಕಾವಲು ಮಲಗಿರುತ್ತದೆ. ನಾವು ಬಿಸಿಲನ್ನು ನಂಬಿದ್ದೆವು. ಅತ್ತಿಗೆ ನನ್ನನ್ನು ನಂಬಿದ್ದರು. ಈಚೆಗೆ ಪತ್ರಿಕೆಗಳಲ್ಲಿ ಆಕಾಶದ ಮೇಲ್ಪದರದಲ್ಲೆಲ್ಲೋ ತೂತು ಬಿದ್ದಿದೆ, ಕೆಟ್ಟ ಕಿರಣಗಳು ಇನ್ನೂ ಹೆಚ್ಚು ಇಳಿಯಲಿವೆ ಎಂದು ಓದುತ್ತೇನೆ. ಅದನ್ನು ಓದಿ ಹೆದರುವವರನ್ನು ಕಂಡರೆ ನನಗೆ ಅಸೂಯೆಯಾಗುತ್ತದೆ. ಅವರ ತೂತು ಅಷ್ಟು ಎತ್ತರದಲ್ಲಿದೆ.

ಹತ್ತನೆಯ ದಿನ ಜ್ವರ ಇಳಿಯಿತು. ಡಾಕ್ಟರು ಮಂಚದ ಪಕ್ಕ ನಿಂತು, ಈ ಸಲ ಕನ್ನಡದಲ್ಲಿ, ನೇರವಾಗಿ ಅತ್ತಿಗೆಯನ್ನೇ ಕೇಳಿದರು: "ಮಾತ್ರೆ ತಗೊಂಡ ದಿನ ಬಿಸಿಲಿಗೆ ಹೋಗಬಾರದು, ಮುಚ್ಚಿಕೊಂಡಿರಬೇಕು ಅಂತ ಅಷ್ಟು ಹೇಳಿ ಕಳಿಸಿದ್ದೆನಲ್ಲಮ್ಮ. ಇವರು ನಿಮಗೆ ಹೇಳಲಿಲ್ಲವೇ?"

ಅಣ್ಣ ನನ್ನ ಕಡೆ ನೋಡಿದ. ಅತ್ತಿಗೆಯೂ ನೋಡಿದರು. ಆ ಕಣ್ಣಿನಲ್ಲಿ ಅರ್ಥ ಮೂಡಿದ್ದನ್ನು ನಾನು ಕಂಡೆ. ನಿಧಾನವಾಗಿ, ಬಾವಿಯಲ್ಲಿ ಕೊಡ ಮುಳುಗಿದ ಹಾಗೆ.

"ಹೇಳಿದ್ದ ಸಾರ್" ಎಂದರು. "ನಂಗೇ ಮರ್ತೋಯ್ತು."

ಅಷ್ಟೇ. ಆಮೇಲೆ ಆ ವಿಷಯವನ್ನು ಅವರು ಇವತ್ತಿನವರೆಗೆ ಎತ್ತಿಲ್ಲ. ನನ್ನನ್ನು ಬೈಯಲಿಲ್ಲ. ಬಿಯೆಸ್ಸಿ ಸಾಹೇಬ್ರೇ ಎಂದು ಕರೆಯುವುದನ್ನು ಮಾತ್ರ ಬಿಟ್ಟರು.

ಮದುವೆ ಅದರ ಹೊತ್ತಿಗೆ ಆಗಿಹೋಯಿತು. ಮದುವೆಯ ಮರುದಿನ ನಾನು ಬಟ್ಟೆ ತರಲು ಅಜ್ಜಂಪುರಕ್ಕೆ ಹೋದವನು ಮೇಗಲ ಬೀದಿಯ ಹಿಂದಿನ ಓಣಿಯಲ್ಲಿ ಬರುತ್ತಿದ್ದಾಗ ಗಂಗಮ್ಮನವರ ತಿಪ್ಪೆಯ ಮೇಲೆ ಬೆಳ್ಳಗೆ ಏನೋ ಕಂಡಿತು. ಸಂಡಿಗೆ. ಒಣಗಿ ಗರಿಗರಿಯಾಗಿದ್ದವು, ಒಂದೊಂದೂ ಅಳೆದು ಇಟ್ಟಂತೆ. ಎಸೆದವರ ತಪ್ಪೂ ಇಲ್ಲ. ಇಟ್ಟ ಕೈಯಲ್ಲಿ ಮೂರೇ ದಿನಕ್ಕೆ ಅಮ್ಮ ಎದ್ದಳೆಂದು ಊರೆಲ್ಲ ಸುದ್ದಿ, ಮದುವೆಯ ಮನೆ ಬೇರೆ. ಕಾಗೆಗಳು ಅವನ್ನು ಕುಕ್ಕಿ ಕುಕ್ಕಿ ಬಿಡುತ್ತಿದ್ದವು.

ತರೀಕೆರೆಗೆ ಮರಳಿ ಬಂದಾಗ ಅತ್ತಿಗೆ ಎದ್ದು ಕೂತಿದ್ದರು. ಕೈಗಳೆರಡಕ್ಕೂ ಬಟ್ಟೆ ಸುತ್ತಿತ್ತು. "ಮದ್ವೆ ಚೆನ್ನಾಗಾಯ್ತಂತಾ?" ಎಂದರು. ಆಯಿತೆಂದೆ. ಗೋಡೆ ನೋಡುತ್ತ, "ನನ್ ಸಂಡಿಗೆ ಕರ್ದಿದ್ರಾ? ಉಬ್ಬಿದ್ವಂತಾ?" ಎಂದು ಕೇಳಿದರು.

"ಹೂವಿನಂಗೆ ಉಬ್ಬಿದ್ವಂತೆ ಅತ್ಗೆ. ಎಲ್ರೂ ಕೇಳಿ ಕೇಳಿ ಹಾಕಿಸ್ಕೊಂಡ್ರಂತೆ."

ಅವರ ಮುಖದ ಸುಡದ ಅರ್ಧಭಾಗ ನಕ್ಕಿತು. ಆ ನಗುವಿಗೋಸ್ಕರ ನಾನು ಇನ್ನೊಂದು ಅರ್ಧವನ್ನು ನುಂಗಿದೆ.

ಈಗ ಎಂಟು ವರ್ಷ. ಗಾಯ ಮಾಯ್ದ ಕಡೆಯೆಲ್ಲ ಬಿಳುಪು ಹಬ್ಬಿ, ಮೊಣಕೈವರೆಗೆ ಎರಡು ಕೈಗಳೂ ಸುಣ್ಣದಲ್ಲಿ ಅದ್ದಿದ ಹಾಗಿವೆ. ಎಳ್ಳಿನಂಥ ಆ ಚುಕ್ಕೆಗಳು ಒಂದೂ ಉಳಿಯಲಿಲ್ಲ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಅವರು ಬೇರೆ ಮದ್ದು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಆದರೆ ಮಾಘ ಬಂತೆಂದರೆ ಅವರ ಕಿವಿ ಬಾಗಿಲ ಕಡೆಗಿರುತ್ತದೆ. ಸಂಡಿಗೆ ತಿಪ್ಪೆ ಸೇರಿತ್ತೆಂದು ಗೊತ್ತಿದ್ದಿದ್ದರೆ ಕಾಯುವುದನ್ನು ಎಂದೋ ಬಿಟ್ಟಿರುತ್ತಿದ್ದರು. ಇವರ ಸಂಡಿಗೆ ಹೂವಿನಂತೆ ಉಬ್ಬಿತ್ತಲ್ಲ.

ಮೊನ್ನೆ ಮೇಗಲ ಬೀದಿಯಲ್ಲಿ ಗಂಗಮ್ಮನವರ ಎರಡನೆಯ ಮಗಳ ಮದುವೆ ಗೊತ್ತಾಯಿತು. ಅತ್ತಿಗೆ ಸಂಜೆ ನನ್ನ ಹತ್ತಿರ ಬಂದು ಕಂಬಕ್ಕೆ ಒರಗಿ ನಿಂತರು.

"ಅಷ್ಟು ಚೆನ್ನಾಗಾಗಿತ್ತು ಅಂದ್ಯಲ್ಲೋ ಆವತ್ತು. ಮತ್ತೆ ಕರೀಲೇ ಇಲ್ಲ ನೋಡು. ವಯಸ್ಸಾಯ್ತು ಆವಮ್ಮಂಗೆ, ಮರ್ತಿರ್ತಾರೆ. ಮೂರು ಬೆಳ್ಳು ಸಾಕು ಸಂಡಿಗೆಗೆ. ನೀನೇ ಒಂದ್ಸಲ ಹೋಗಿ ನೆನಪು ಮಾಡ್ಬಾರೋ ಶಿವು."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮೇಗಲ ಬೀದಿಯ ತಿರುವಿನವರೆಗೆ ಹೋದೆ. ಗಂಗಮ್ಮನವರ ಮಾಳಿಗೆಯ ಮೇಲೆ ಹೆಂಗಸರು ಸಂಡಿಗೆಯ ಪಂಚೆ ಮಡಚುತ್ತಿದ್ದರು, ಅವರ ಮಾತು ಕೆಳಗೆ ಕೇಳುತ್ತಿತ್ತು. ಗೋಡೆಯ ನೆರಳಿನಲ್ಲಿ ಒಂದಷ್ಟು ಹೊತ್ತು ನಿಂತು ಮನೆಗೆ ತಿರುಗಿದೆ.

"ಮನೇಲಿ ಯಾರೂ ಇರ್ಲಿಲ್ಲ ಅತ್ಗೆ" ಎಂದೆ.

ಅವರು ನನ್ನ ಮುಖವನ್ನು ನೋಡಿದರು. "ಹೂಂ, ಇರ್ಲಿ ಬಿಡು" ಎಂದರು. "ನಾಳೆ ಹೋಗು."